ಶರಣಮ್ಮನವರ ಬಚ್ಚಲಲ್ಲಿ ಅಮೊನೈಟ್

ಸಮುದ್ರವಿದ್ದ ಕಡೆ ಸಮುದ್ರದ ಪ್ರಾಣಿಗಳು ಇದ್ದೇ ಇರಬೇಕು. ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ! ಇಷ್ಟೊಂದು ನಿರಪಾಯಕಾರಿಯಾದ ತರ್ಕವನ್ನು ಹಿಡಿದುಕೊಂಡು ನಾನು ವಾಡಿಯಲ್ಲಿ ಅಮೊನೈಟ್ ಹುಡುಕಲು ಹೊರಟೆ.

ಆಗ ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಸ್ವಲ್ಪ ಕಾಲವಾಗಿತ್ತು. ನಾನು ವಾಡಿ ಜಂಕ್ಷನ್ನಿನಲ್ಲಿ ಪಾರ್ಸೆಲ್ ಗುಮಾಸ್ತ. ಊರು ಮಂಡ್ಯದ ಕಡೆ. ವಯಸ್ಸು, ಹೆಣ್ಣಿನ ಕಡೆಯವರು ವಿಚಾರಿಸುವುದನ್ನು ನಿಲ್ಲಿಸಿದ್ದ ವಯಸ್ಸು. ವಾಡಿಗೆ ಜನ ಬರುತ್ತಿದ್ದದ್ದೇ ಅಲ್ಲಿಂದ ಇನ್ನೊಂದು ಊರಿಗೆ ಹೋಗಲು. "ಸೇಡಮ್ ಗಾಡಿ ಎಲ್ಲಿ ನಿಲ್ತದ್ರಿ?" ಎಂಬುದೇ ದಿನವಿಡೀ ನನ್ನ ಪಾಲಿಗೆ ಬರುತ್ತಿದ್ದ ಸಂಭಾಷಣೆ. ನಾನು ಉತ್ತರವನ್ನು ಆದಷ್ಟು ಉದ್ದ ಮಾಡಿ ಹೇಳುತ್ತಿದ್ದೆ. ಕೇಳಿದವರು ಅರ್ಧದಲ್ಲೇ ಓಡುತ್ತಿದ್ದರು!

ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಬಾಡಿಗೆ ಮನೆ. ನೆಲಕ್ಕೆ ಶಹಾಬಾದ್ ಕಲ್ಲು, ಗೋಡೆಗೆ ಶಹಾಬಾದ್ ಕಲ್ಲು, ತಲೆಯ ಮೇಲೂ ಅದೇ ಕಲ್ಲು. ಆ ಚಪ್ಪಟೆ ಹಾಸುಗಲ್ಲಿಗೆ ಅಲ್ಲಿಯವರು ಫರಸಿ ಎನ್ನುತ್ತಾರೆ. ಸಂಜೆ ಬಂದು ಬೀಗ ತೆಗೆದರೆ ಆ ಸದ್ದು ಮನೆಯೆಲ್ಲ ಓಡಾಡಿಕೊಂಡು ಬಂದು ನನ್ನನ್ನು ಮಾತಾಡಿಸುತ್ತಿತ್ತು. ಬೇರೆ ಯಾರೂ ಮಾತಾಡಿಸುತ್ತಿರಲಿಲ್ಲ.

ಹೀಗಿರುವಾಗ ಯಾರೋ ಪ್ರಯಾಣಿಕರು ಬೆಂಚಿನ ಮೇಲೆ ಬಿಟ್ಟುಹೋದ ಒಂದು ವಿಜ್ಞಾನ ಮಾಸಪತ್ರಿಕೆ ನನ್ನ ಕೈಸೇರಿತು. ಅದರಲ್ಲಿ ಅಮೊನೈಟ್ ಎಂಬ ಪ್ರಾಣಿಯ ಚಿತ್ರವಿತ್ತು. ಚಕ್ಕುಲಿಯಂತೆ ಸುರುಳಿ ಸುತ್ತಿದ ಚಿಪ್ಪು. ಪುರಾತನ ಸಮುದ್ರಗಳಲ್ಲಿ ಈಜಾಡಿಕೊಂಡಿದ್ದು, ಸತ್ತು, ಸುಣ್ಣಕಲ್ಲಿನಲ್ಲಿ ಕಲ್ಲಾಗಿ ಉಳಿದಿದೆಯಂತೆ. ಗಂಡಕಿ ನದಿಯ ಶಾಲಿಗ್ರಾಮದಲ್ಲಿ ಕಾಣುವ ಚಕ್ರವೂ ಇದೇ ಪ್ರಾಣಿಯದಂತೆ. ನಮ್ಮ ಫರಸಿಯೂ ಸುಣ್ಣಕಲ್ಲು, ಅದೂ ಒಂದು ಕಾಲದ ಸಮುದ್ರದ ತಳ ಎಂದು ಊರಿನಲ್ಲಿ ಓದಿದವರೆಲ್ಲ ಹೇಳುತ್ತಿದ್ದರು. ಅಂದರೆ ನಾನು ಇಷ್ಟು ದಿನ ಒಬ್ಬನೇ ಇರಲಿಲ್ಲ! ನನ್ನ ಚಾಪೆಯ ಕೆಳಗೇ ಯಾರೋ ಇದ್ದರು!

ಕಮ್ಮಾರನಲ್ಲಿ ಒಂದು ಉಳಿ, ಒಂದು ಸುತ್ತಿಗೆ ಕೊಂಡೆ. ರಜೆ ಬಂದರೆ ಶಹಾಬಾದಿನ ಕಡೆಯ ಕಲ್ಲು ಗಣಿಗಳಿಗೆ ಹೋಗಿ ಬಿದ್ದ ಕಲ್ಲುಗಳನ್ನು ತಟ್ಟತೊಡಗಿದೆ. ಮೊದಲ ದಿನವೇ ಗಣಿಯ ಯಜಮಾನರು ಛತ್ರಿ ಹಿಡಿದುಕೊಂಡು ಓಡಿಬಂದರು. ಕುರ್ಚಿ ತರಿಸಿದರು. ಚಹಾ ಬಂತು, ಮಿರ್ಚಿ ಭಜಿ ಬಂತು.

"ಕುಂದ್ರಿ ಸಾಹೇಬ್ರ. ಬಿಸಿಲು ಭಾಳ ಅದ. ತಪಾಸಣಿಗೆ ಬಂದೀರೇನ್ರಿ?"

ಸರ್ಕಾರದ ತಪಾಸಣಾಧಿಕಾರಿ ಎಂದು ತಿಳಿದಿದ್ದಾರೆ ಎಂಬುದು ನನಗೆ ಕೂಡಲೇ ಗೊತ್ತಾಯಿತು. ಆದರೆ ಅಷ್ಟು ಪ್ರೀತಿಯಿಂದ ಯಾರಾದರೂ ನನ್ನನ್ನು ಕೂರಿಸಿ ಎಷ್ಟು ಕಾಲವಾಗಿತ್ತು! ಭಜಿ ಮುಗಿಯುವವರೆಗೆ ಮೌನ ವಹಿಸಿದೆ. ಆಮೇಲೆ ಸತ್ಯವನ್ನೇ ಹೇಳಿದೆ.

"ನಾನು ರೈಲ್ವೆ ಪಾರ್ಸೆಲ್ ಗುಮಾಸ್ತ. ಕಲ್ಲಿನಲ್ಲಿ ಹಳೇ ಕಾಲದ ಒಂದು ಪ್ರಾಣಿ ಹುಡುಕ್ತಿದೀನಿ."

ಯಜಮಾನರು ನನ್ನನ್ನು ನೋಡಿದರು. ಸುತ್ತಿಗೆಯನ್ನು ನೋಡಿದರು. ನಂತರ ಸದ್ದಿಲ್ಲದೆ ಛತ್ರಿಯನ್ನು ತಮ್ಮ ತಲೆಯ ಮೇಲಕ್ಕೆ ಸರಿಸಿಕೊಂಡರು.

ಮುಂಗಾರು ಬರುವವರೆಗೂ ಹುಡುಕಿದೆ. ಬೆರಳು ಜಜ್ಜಿಕೊಂಡೆ, ಕನ್ನಡಕ ಒಡೆದುಕೊಂಡೆ. ಒಂದೇ ಒಂದು ಸುರುಳಿ ಸಿಗಲಿಲ್ಲ.

ಪಕ್ಕದ ಮನೆ ಶರಣಮ್ಮನವರದು. ಅವರು, ಮಗ ಬಸಣ್ಣ, ಸೊಸೆ ಗಂಗಮ್ಮ. ನಮ್ಮಿಬ್ಬರ ಅಂಗಳಗಳ ನಡುವೆ ಒಂದು ಮೋಟು ಗೋಡೆ. ನಾಗರಪಂಚಮಿಯ ದಿನ ಶರಣಮ್ಮನವರು ಗೋಡೆಯ ಆಚೆಯಿಂದ ಕೂಗಿದರು: "ಬಾಬೂ, ಹಬ್ಬದ ದಿನಾನೂ ಒಬ್ರೇ ಏನ್ ಕುದಿಸ್ಕೊಂತ ಕುಂತೀರಿ? ಇಲ್ಲೇ ಉಣ್ಲಾಕ ಬರ್ರಿ."

ಅವರು ಮಾತು ಮುಗಿಸುವ ಮೊದಲೇ ನಾನು ಅವರ ಬಾಗಿಲಲ್ಲಿದ್ದೆ. ಹೋಳಿಗೆ, ಕಟ್ಟಿನ ಸಾರು, ಶೇಂಗಾ ಉಂಡೆ. ಹೊಟ್ಟೆ ಬಿರಿಯ ಉಂಡು, ಕೈ ತೊಳೆಯಲು ಬಚ್ಚಲಿಗೆ ಹೋದೆ. ಬಗ್ಗಿದೆ. ಮೂಲೆಯ ಫರಸಿಯ ಮೇಲೆ, ಊಟದ ತಟ್ಟೆಯಷ್ಟು ಅಗಲಕ್ಕೆ, ಸುತ್ತಿನೊಳಗೆ ಸುತ್ತು, ಬೆಳ್ಳಗೆ ಉಬ್ಬಿಕೊಂಡು ಮಲಗಿತ್ತು.

"ಅಯ್ಯೋ ಬನ್ನಿ! ಸುರುಳಿ ಸುತ್ತಿಕೊಂಡು ಮಲಗಿದೆ!" ಎಂದು ಕಿರುಚಿದೆ.

ಪಂಚಮಿಯ ದಿನ ಬಚ್ಚಲಲ್ಲಿ ನಿಂತು ಕಿರುಚುವ ಮಾತು ಅದಲ್ಲ. ಬಸಣ್ಣ ಬಡಿಗೆ ಹಿಡಿದು ಓಡಿಬಂದ. ಗಂಗಮ್ಮ ಹಾಲಿನ ಬಟ್ಟಲು ಹಿಡಿದು ಓಡಿಬಂದರು. ಬಡಿಗೆ ಬಟ್ಟಲಿಗೆ ತಾಗಿತು. ಹಾಲು ನನಗೆ ಅಭಿಷೇಕವಾಯಿತು!

ತಲೆಯಿಂದ ಹಾಲು ಇಳಿಯುತ್ತಿದ್ದಂತೆಯೇ ನಾನು ಅಮೊನೈಟಿನ ಚರಿತ್ರೆಯನ್ನು ವಿವರಿಸಿದೆ. ಯಾರೂ ಅರ್ಧಕ್ಕೆ ಎದ್ದುಹೋಗಲಿಲ್ಲ. ಆ ಉತ್ಸಾಹದಲ್ಲಿ, ಹೇಳಬಾರದ್ದನ್ನೂ ಹೇಳಿದೆ: "ಶಾಲಿಗ್ರಾಮ ಅಂತಾರಲ್ಲ, ಅದರ ಒಳಗಿರೋದೂ ಇದೇ."

ಶರಣಮ್ಮನವರ ಮುಖ ಬಿಳಿಚಿತು. "ಅಯ್ಯ ಶಿವನ! ಅಂದ್ರ ದೇವ್ರ? ಇಷ್ಟ್ ವರ್ಷ ಇದ್ರ ಮ್ಯಾಲ ನಿಂತು ಜಳಕ ಮಾಡೀವಲ್ಲೋ ಬಸಣ್ಣಾ!"

"ಹಾಗಲ್ಲ ಅಮ್ಮ, ವಿಜ್ಞಾನದ ಪ್ರಕಾರ..."

"ನಿಮ್ಮ ವಿಜ್ಞಾನ ನೀವೇ ಇಟ್ಕೋರಿ. ಇನ್ ಈ ಬಚ್ಚಲದಾಗ ಯಾರೂ ನೀರ್ ಹಾಕ್ಕೋಬ್ಯಾಡ್ರಿ."

"ಮತ್ತ ಜಳಕ ಎಲ್ಲಿ ಮಾಡೋದು?" ಎಂದ ಬಸಣ್ಣ.

ಎಲ್ಲರೂ ನನ್ನನ್ನು ನೋಡಿದರು. ತಪ್ಪಿತಸ್ಥ ನಾನೇ ತಾನೆ! "ನಮ್ಮ ಮನೇಲಿ ಮಾಡಿ" ಎಂದೆ.

ಮಾರನೆಯ ಬೆಳಗಿನಿಂದ ನನ್ನ ಮನೆಗೆ ಜನ ಬರತೊಡಗಿದರು. ಹೆಗಲ ಮೇಲೆ ಪಂಚೆ ಹಾಕಿಕೊಂಡು ಬಸಣ್ಣ, ಸೋಪಿನ ಡಬ್ಬಿ ಹಿಡಿದು ಗಂಗಮ್ಮ, ಕೊನೆಗೆ ಶರಣಮ್ಮನವರು. ನಾನು ಬೇಗ ಎದ್ದು ಒಲೆ ಉರಿಸಿ ಹಂಡೆ ತುಂಬ ನೀರು ಕಾಯಿಸಿಡುತ್ತಿದ್ದೆ. "ಬಾಬೂ, ನೀರ್ ಭಾಳ ಸುಡ್ತದ್ರಿ!" ಎಂದು ಒಳಗಿನಿಂದ ಕೂಗುವುದು, "ಲಗೂನ ಹೊರಗ್ ಬಾ!" ಎಂದು ಹೊರಗಿನಿಂದ ಬಾಗಿಲು ಬಡಿಯುವುದು. ನನ್ನ ಕಲ್ಲಿನ ಮನೆ ಮದುವೆ ಮನೆಯಂತಾಯಿತು! ಸ್ನಾನ ಮುಗಿದ ಮೇಲೆ ಎಲ್ಲರಿಗೂ ಚಹಾ ಮಾಡುತ್ತಿದ್ದೆ. ನನ್ನಲ್ಲಿದ್ದದ್ದು ಒಂದೇ ಲೋಟ. ಇನ್ನಷ್ಟು ಲೋಟಗಳನ್ನು ಕೊಂಡುತಂದೆ.

ಸುದ್ದಿ ಓಣಿಗೆಲ್ಲ ಹರಡಿತು. ಬಾಬುವಿಗೆ ಸುರುಳಿ ಬೇಕಂತೆ ಎಂದು ತಿಳಿದವರು ಸುರುಳಿಯಾದದ್ದನ್ನೆಲ್ಲ ತಂದುಕೊಟ್ಟರು. ಬಸವನಹುಳದ ಚಿಪ್ಪು ಬಂತು. ಟಗರಿನ ಕೊಂಬು ಬಂತು. ಲಾರಿಯ ಮುರಿದ ಸ್ಪ್ರಿಂಗೂ ಬಂತು. ಹೋಟೆಲಿನವನು ಜಿಲೇಬಿಯನ್ನೇ ಕಳಿಸಿದ. ಅದೊಂದನ್ನು ಮಾತ್ರ ನಾನು ಕೂಡಲೇ ತಿಂದು ಪರಿಶೀಲಿಸಿದೆ. ಉಳಿದವನ್ನು ಗೂಡಿನಲ್ಲಿ ಸಾಲಾಗಿ ಇಟ್ಟೆ.

ಅಷ್ಟಕ್ಕೆ ಸುಮ್ಮನಿರಬೇಕಿತ್ತು. ಆದರೆ ಶರಣಮ್ಮನವರು ದೇವರನ್ನು ಬಚ್ಚಲಿನಿಂದ ಅಂಗಳಕ್ಕೆ ತರಬೇಕೆಂದರು. ಬಸಣ್ಣ ಹಾರೆ ತಂದ. ಗಣಿಯಲ್ಲಿ ದಿನವೂ ಕಲ್ಲು ಎಬ್ಬಿಸುವವನು ಅವನು. "ಅಪರೂಪದ ವಸ್ತು, ನಾನೇ ಎಬ್ಬಿಸುತ್ತೇನೆ" ಎಂದು ನಾನು ಹಾರೆ ಕಸಿದುಕೊಂಡೆ. ಒಂದು ಮೀಟು ಮೀಟಿದೆ. ಪಕ್ಕದ ಫರಸಿ ಒಡೆಯಿತು. ಎರಡನೆಯ ಸಲ ಮೀಟಿದೆ. ಮೋರಿಯ ಕಲ್ಲು ಒಳಗೆ ಬಿತ್ತು. ನೀರಿನ ತೊಟ್ಟಿ ವಾಲಿತು. ನೀರೆಲ್ಲ ಅಡುಗೆಮನೆಯ ಕಡೆಗೆ ಪ್ರಯಾಣ ಬೆಳೆಸಿತು! ಜೋಳದ ಹಿಟ್ಟಿನ ಡಬ್ಬಿ ತೇಲುತ್ತಿರುವುದನ್ನು ಗಂಗಮ್ಮ ನೋಡಿದರು. ನನ್ನನ್ನೂ ನೋಡಿದರು. ಸೀರೆ ಎತ್ತಿ ಕಟ್ಟಿ ನೀರು ಬಳಿಯತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

ಸುರುಳಿಯಿದ್ದ ಕಲ್ಲು ಮಾತ್ರ ಒಂದಿಷ್ಟೂ ಅಲುಗಿರಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಪಾರ್ಸೆಲ್ ಕಿಟಕಿಗೆ ಒಬ್ಬರು ಬಂದು ತಮ್ಮ ಹೆಸರಿಗೆ ಬಂದಿದ್ದ ಭಾರವಾದ ಪೆಟ್ಟಿಗೆಯೊಂದನ್ನು ಕೇಳಿದರು.

"ಏನಿದೆ ಸಾರ್ ಇದರಲ್ಲಿ?"

"ಕಲ್ಲು."

ಗುಲಬರ್ಗಾದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುವ ಅಧ್ಯಾಪಕರು! ಕಿಟಕಿಯ ಸರಳುಗಳು ಇಲ್ಲದಿದ್ದರೆ ತಬ್ಬಿಕೊಂಡೇ ಬಿಡುತ್ತಿದ್ದೆ. ಅವರ ಗಾಡಿ ತಡವಾಗಿತ್ತು. ಕೈಹಿಡಿದು ಶರಣಮ್ಮನವರ ಮನೆಗೆ ಕರೆದುಕೊಂಡು ಹೋದೆ. ಹಿಂದೆ ಅರ್ಧ ಓಣಿ ಬಂತು.

ಅಧ್ಯಾಪಕರು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕುಳಿತರು. ಭೂತಗನ್ನಡಿ ತೆಗೆದು ನೋಡಿದರು. ಅವರು ಉಗುರಿನಿಂದ ಕೆರೆದರು. ಸುರುಳಿಯ ಒಂದು ಚೂರು ಉಗುರಿನೊಳಗೆ ಬಂತು.

"ಸ್ವಲ್ಪ ಹುಣಸೆಹಣ್ಣು ಕೊಡ್ತೀರಾ ಅಮ್ಮ?"

ಹುಣಸೆಹಣ್ಣು ಹಚ್ಚಿ ಉಜ್ಜಿದರು. ನನ್ನ ಪುರಾತನ ಪ್ರಾಣಿ ಬುರುಗು ಬುರುಗಾಗಿ ಮೋರಿಯತ್ತ ಹೊರಟಿತು! "ಇದು ಗಡಸು ನೀರಿನ ಸುಣ್ಣ. ಸುರುಳಿಯಾಗಿರೋ ಏನನ್ನೋ ಇಲ್ಲಿ ಬಹಳ ಕಾಲ ಇಟ್ಟಿದ್ದಿರಬೇಕು. ಅದರ ಸುತ್ತ ಕಟ್ಟಿಕೊಂಡಿದೆ" ಎಂದರು.

ಶರಣಮ್ಮನವರು ಹಣೆ ಬಡಿದುಕೊಂಡರು. "ಅಯ್ಯ, ನಮ್ಮ ಅತ್ತಿ ಹಂಡೆ ಸಿಂಬಿರಿ ಇದು! ದಪ್ಪ ಹಗ್ಗ ಸುತ್ತಿ, ಅದ್ರ ಮ್ಯಾಲ ಹಂಡೆ ಕುಂದ್ರಸ್ತಿದ್ರು."

ಓಣಿಗೆ ಓಣಿಯೇ ನಕ್ಕಿತು. ನಾನು ಕೊನೆಯ ಆಸೆಯಿಂದ ಕೇಳಿದೆ: "ಇದು ಹೋಗಲಿ ಸಾರ್. ಗಣಿಯಲ್ಲಾದರೂ ಸಿಗುತ್ತೆ ಅಲ್ಲವೇ? ಇಲ್ಲಿ ಸಮುದ್ರ ಇತ್ತಲ್ಲ?"

"ಸಮುದ್ರ ಇತ್ತು. ಆದರೆ ತೀರಾ ಹಳೇ ಸಮುದ್ರ. ಅಮೊನೈಟ್‌ಗಳು ಹುಟ್ಟೋದಕ್ಕೆ ಎಷ್ಟೋ ಕೋಟಿ ವರ್ಷ ಮೊದಲೇ ಈ ಕಲ್ಲು ಕಲ್ಲಾಗಿತ್ತು."

"ಹಾಗಾದರೆ ಅಷ್ಟು ದೊಡ್ಡ ಸಮುದ್ರದಲ್ಲಿ ಯಾರಿದ್ದರು?"

"ಕಣ್ಣಿಗೆ ಕಾಣುವಂಥವರು ಯಾರೂ ಇರಲಿಲ್ಲ. ಮೀನಿಲ್ಲ, ಶಂಖವಿಲ್ಲ. ಅಲೆ ಬರೋದು, ಹೋಗೋದು, ಅಷ್ಟೇ."

ನಗುತ್ತಿದ್ದವರ ನಡುವೆ ನಿಂತು, ನೋಡುವವರೇ ಇಲ್ಲದೆ ದಡಕ್ಕೆ ಬಂದು ಬಂದು ಹಿಂತಿರುಗಿದ ಆ ಅಲೆಗಳನ್ನು ನೆನೆದೆ.

"ನಿಜವಾದ ಅಮೊನೈಟ್ ಬೇಕು ಅಂದ್ರೆ ತಿರುಚಿನಾಪಳ್ಳಿ ಕಡೆ ಹೋಗಬೇಕು" ಎಂದರು ಅಧ್ಯಾಪಕರು, ಕೈ ತೊಳೆಯುತ್ತ.

"ಅಂದ್ರ ಬಾಬು ತಪ್ಪಿ ವಾಡಿಯೊಳಗ ಇಳ್ದಾರ!" ಎಂದ ಬಸಣ್ಣ.

ಬಸಣ್ಣ ಗಣಿಯಿಂದ ಹೊಸ ಫರಸಿ ತಂದು ಬಚ್ಚಲನ್ನು ಸರಿಮಾಡಿದ. ನನಗೆ ಹಾರೆ ಮುಟ್ಟಲು ಬಿಡಲಿಲ್ಲ. ಸಂಜೆ ಶರಣಮ್ಮನವರು ಗೋಡೆಯ ಬಳಿ ಬಂದರು. "ಬಾಬೂ, ನಮ್ಮಿಂದ ನಿಮಗ ಭಾಳ ತ್ರಾಸ್ ಆಯ್ತು. ನಾಳಿಂದ ನಾವು ಬರಂಗಿಲ್ರಿ. ನೀವು ಆರಾಮ ಇರ್ರಿ."

"ಛೆ, ತ್ರಾಸೇನು ಬಂತಮ್ಮ" ಎಂದೆ. ಇನ್ನೂ ಏನೋ ಹೇಳಬೇಕೆಂದಿದ್ದೆ. ಅವರು ಆಗಲೇ ಒಳಗೆ ಹೋಗಿದ್ದರು.

ಮರುದಿನ ಬೆಳಗ್ಗೆ ಎಂದಿನಂತೆ ಎದ್ದು ಹಂಡೆ ತುಂಬ ನೀರು ಕಾಯಿಸಿದೆ. ಲೋಟಗಳನ್ನು ತೊಳೆದು ಜೋಡಿಸಿದೆ. ಆಮೇಲೆ ನೆನಪಾಯಿತು. ಅಷ್ಟೂ ಬಿಸಿನೀರನ್ನು ಚೆಲ್ಲಲು ಮನಸ್ಸಾಗಲಿಲ್ಲ. ಬಸಣ್ಣನ ಪಾಲು, ಗಂಗಮ್ಮನ ಪಾಲು, ಶರಣಮ್ಮನವರ ಪಾಲು, ಎಲ್ಲವನ್ನೂ ನಾನೇ ನನ್ನ ತಲೆಯ ಮೇಲೆ ಸುರಿದುಕೊಂಡೆ. ಮುಗಿಯುವ ಹೊತ್ತಿಗೆ ನೀರು ಆರಿ ತಣ್ಣಗಾಗಿತ್ತು. ಒಂದರ ಹಿಂದೊಂದು ಸೀನು ಶುರುವಾಯಿತು. ಆ ಕಲ್ಲಿನ ಮನೆಯಲ್ಲಿ ಒಂದು ಸೀನು ಹತ್ತು ಸೀನಾಗಿ ಕೇಳಿಸುತ್ತಿತ್ತು.

ಗೋಡೆಯಾಚೆಯಿಂದ ಶರಣಮ್ಮನವರ ದನಿ ಬಂತು: "ಬಾಬೂ, ಮನ್ಯಾಗ ಯಾರರ ಬಂದಾರೇನ್ರಿ? ಭಾಳ ಮಂದಿ ಇದ್ದಂಗ ಕೇಳ್ಲಾಕತ್ತದ!"

ಮೂಗು ಒರೆಸಿಕೊಂಡು, ಆದಷ್ಟು ಗಂಭೀರವಾಗಿ ಉತ್ತರಿಸಿದೆ.

"ಯಾರೂ ಇಲ್ಲ ಅಮ್ಮಾ, ನಾನೊಬ್ಬನೇ!"