ಆಡಳಿತ ಶುಲ್ಕವೂ ಅಕ್ಕನ ಅರಿಶಿನವೂ

ನಮ್ಮ ವಲಯದಲ್ಲಿ ನಗೋದಕ್ಕೆ ಯಾರೂ ಪ್ರಯತ್ನ ಪಡಬೇಕಾಗಿಲ್ಲ. ಬೆಳಗ್ಗೆ ಗೇಟು ತೆಗೆದರೆ ಸಾಕು, ಏನಾದರೊಂದು ತಾನಾಗಿ ಒಳಗೆ ಬರುತ್ತೆ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೋಗೋ ದಾರಿಯಲ್ಲಿ ಬೇಲಿ ಸುತ್ತಿ, ಕಮಾನು ಕಟ್ಟಿ, ವಿಶೇಷ ಆರ್ಥಿಕ ವಲಯ ಅಂತ ಬೋರ್ಡು ಹಾಕಿದಾರೆ. ಹೊರದೇಶಕ್ಕೆ ಮಾಲು ಕಳಿಸೋರಿಗೆ ಅಂತ ಮಾಡಿಕೊಟ್ಟ ಜಾಗ. ಅದರೊಳಗೆ ನನ್ನದೊಂದು ಕರಿಕಲ್ಲು ಪಾಲಿಶ್ ಮಾಡೋ ಶೆಡ್ಡು. ಪಕ್ಕದಲ್ಲಿ ಉಮ್ಮತ್ತೂರಿನ ಅಕ್ಕನ ಅರಿಶಿನದ ಘಟಕ. ಎದುರಿಗೆ ಚೆಂಡು ಹೂವಿನಿಂದ ಬಣ್ಣ ತೆಗೆಯೋ ಭಾರಿ ಕಾರ್ಖಾನೆ. ನಟ್ಟನಡುವೆ ಆಡಳಿತ ಕಚೇರಿ. ಗೇಟು, ರಸ್ತೆ, ಬೀದಿದೀಪ ನೋಡಿಕೊಳ್ಳೋರು ಅವರೇ. ಅವರು ನೋಡ್ತಾರೆ, ಇಲ್ಲ ಅನ್ನೋಕಾಗಲ್ಲ. ಕಿಟಕಿಯಿಂದ ನೋಡ್ತಾರೆ. ಈ ನೋಡಿದ್ದಕ್ಕೆ ನಮ್ಮಿಂದ ಆಡಳಿತ ಶುಲ್ಕ ತಗೋಬೇಕು, ಅದು ನ್ಯಾಯವಾಗಿರಬೇಕು ಅಂತ ಮೇಲಿನಿಂದ ಆದೇಶ ಬಂತು. ಎಲ್ಲ ಶುರುವಾಗಿದ್ದು ಆ 'ನ್ಯಾಯ' ಅನ್ನೋ ಮಾತಿನಿಂದ.

ನಾನು ಹೇಳೋದರಲ್ಲಿ ಮುಕ್ಕಾಲು ಭಾಗ ನಿಜ. ಉಳಿದ ಕಾಲು ಭಾಗ ಇನ್ನೂ ನಿಜ.

ಇಡ್ಲಿಯ ಮುಂದೆ ಎಲ್ಲರೂ ಸಮಾನರು

ಮೊದಲನೇ ಸಭೆಯಲ್ಲಿ ಆಡಳಿತ ಕಚೇರಿಯ ಸಾಹೇಬರು ಎದ್ದು ನಿಂತು, "ಪ್ರತಿ ಘಟಕಕ್ಕೂ ಒಂದೇ ಶುಲ್ಕ. ಕಾನೂನಿನ ಮುಂದೆ ಎಲ್ಲರೂ ಸಮಾನರು" ಅಂದರು. ಹೂವಿನ ಕಾರ್ಖಾನೆ ಯಜಮಾನರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.

ಅಕ್ಕ ಸೆರಗು ಸರಿ ಮಾಡಿಕೊಂಡು ಎದ್ದಳು. "ಸ್ವಾಮಿ, ಅವ್ರ ಲಾರಿ ನಿಲ್ಸೋ ಜಾಗ್ದಷ್ಟಿಲ್ಲ ನನ್ ಶೆಡ್ಡು. ಅವ್ರಿಗೂ ನಂಗೂ ಒಂದೇ ಅಂದ್ರೆ ಎಂಗೆ? ಅಷ್ಟು ಕಟ್ಟೋದಾದ್ರೆ ನಾನು ಕಡಾಯಿ ಕವುಚಾಕ್ಬುಟ್ಟು ಊರಿಗೆ ಓಯ್ತೀನಿ."

ಅವಳು ತಮಾಷೆಗೆ ಹೇಳಿದ್ದಲ್ಲ. ಅರಿಶಿನ ಬೇಯಿಸೋ ಆ ಕಡಾಯಿ ಬಿಟ್ಟರೆ ಅವಳಿಗೆ ಬೇರೆ ಆಧಾರ ಇಲ್ಲ.

"ಭಾವನೆಗೆ ಜಾಗ ಇಲ್ಲಮ್ಮ" ಅಂದರು ಸಾಹೇಬರು.

ತಿಂಡಿ ತರಿಸೋ ಜವಾಬ್ದಾರಿ ನನ್ನ ಮೇಲಿತ್ತು. ಹೋಟೆಲಿನವನ ಕಿವಿಯಲ್ಲಿ ಒಂದು ಮಾತು ಹಾಕಿದೆ. ಎಲ್ಲರ ಎಲೆಗೂ ಒಂದೊಂದೇ ಇಡ್ಲಿ ಬಿತ್ತು. ಸಾಹೇಬರದ್ದು ನಾಲ್ಕು ಜನ ಕೂರೋ ಸೋಫಾದಲ್ಲಿ ಒಬ್ಬರೇ ಭರ್ತಿಯಾಗೋ ಶರೀರ. ತಮ್ಮ ಇಡ್ಲಿ ಮುಗಿಸಿ, ಎಲೆಯ ಆ ಕಡೆ ಈ ಕಡೆ ಹುಡುಕಿ, "ಇನ್ನೂ ಬರ್ಲಿಲ್ವೇನ್ರೀ?" ಅಂದರು.

"ಮುಗೀತು ಸಾ. ಎಲ್ಲರೂ ಸಮಾನರು ಅಂತ ನೀವೇ ಅಂದ್ರಲ್ಲ."

ಮಧ್ಯಾಹ್ನದ ಸಭೆಯಲ್ಲಿ 'ಅವರವರ ಗಾತ್ರಕ್ಕೆ ತಕ್ಕಂತೆ' ಅನ್ನೋ ಮಾತು ಸಾಹೇಬರ ಬಾಯಿಂದಲೇ ಬಂತು.

ಹಳದಿಯ ಗಡಿ

ಗಾತ್ರ ಅಂದಮೇಲೆ ಅಳೀಬೇಕು. ಸಾಹೇಬರು ಟೇಪು ಹಿಡಿದು ಬಂದ ದಿನ ಅಕ್ಕ ಬೇಯಿಸಿದ ಅರಿಶಿನವನ್ನು ಅಂಗಳದ ತುಂಬಾ ಹರಡಿದ್ದಳು. ಹೂವಿನ ಕಾರ್ಖಾನೆಯವರು ಹೂವನ್ನೆಲ್ಲ ಎತ್ತರದ ತೊಟ್ಟಿಗೆ ತುಳಿದು ತುಂಬಿ ಮುಚ್ಚಳ ಹಾಕಿಬಿಟ್ಟಿದ್ದರು. ಆಕಾಶಕ್ಕೆ ಶುಲ್ಕ ಹಾಕೋ ನಿಯಮ ಇನ್ನೂ ಬಂದಿಲ್ಲವಲ್ಲ!

"ಎಲ್ಲಿವರೆಗೆ ಹಳದಿಯೋ ಅಲ್ಲಿವರೆಗೂ ನಿಮ್ಮ ಘಟಕ" ಅಂದರು ಸಾಹೇಬರು.

"ಒಣಗಾಕೆ ಆಕಿರದು ಸ್ವಾಮಿ. ಒಣಗಿದ್ಮೇಲೆ ಬಾಚಿ ಮೂಟೆ ಕಟ್ತೀನಿ. ಆಮೇಲೆ ಬನ್ನಿ."

"ಆಮೇಲೆ ಬಂದ್ರೆ ಹಳದಿ ಇರಲ್ವಲ್ಲಮ್ಮ!"

ಹಾಗೆ ಅಂದು, ಅರಿಶಿನದ ಮೇಲೇ ಬೂಟುಗಾಲಲ್ಲಿ ಅಳೆದುಕೊಂಡು ಹೋದರು. ಅದು ಯಾರದ್ದೋ ಅನ್ನದ ತಟ್ಟೆಗೆ ಹೋಗೋ ಪದಾರ್ಥ.

ಮಾರನೇ ದಿನ ಬೆಳಗ್ಗೆ ನೋಡಿದರೆ ಅಕ್ಕನ ಅಂಗಳದಿಂದ ಹೊರಟ ಹಳದಿ ಪಟ್ಟೆ ರಸ್ತೆ ದಾಟಿ, ಕಚೇರಿ ಮೆಟ್ಟಿಲು ಹತ್ತಿ, ಸಾಹೇಬರ ಕುರ್ಚಿಯ ಕೆಳಗೆ ಹೋಗಿ ನಿಂತಿತ್ತು. ಯಾರು ಚೆಲ್ಲಿದ್ದು ಅಂತ ನನ್ನ ಕೇಳಬೇಡಿ. ಗಾಳಿ ಜೋರಿತ್ತು.

ನಾನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈಮುಗಿದೆ. "ಸಾ, ಹಳದಿ ಇರೋವರೆಗೂ ಅಕ್ಕನ ಘಟಕ ಅಂತ ನಿನ್ನೆ ನೀವೇ ತೀರ್ಮಾನ ಕೊಟ್ರಿ. ಈಗ ಈ ಕಚೇರಿ ಅವಳದ್ದಾಯ್ತು. ಬಾಡಿಗೆ ವಿಚಾರ ನೀವಿಬ್ರೂ ಮಾತಾಡ್ಕೊಳ್ಳಿ. ಅರಿಶಿನದ ಜಾಗದಲ್ಲಿ ಬೂಟು ಮಾತ್ರ ಬಿಚ್ಚಬೇಕು."

ಬಾಡಿಗೆ ಸಿಗಲಿಲ್ಲ. ಆದರೆ ಸಾಹೇಬರು ಯೋಚನೆಯಲ್ಲೇ ಬೂಟು ಬಿಚ್ಚಿ, ಸಾಯಂಕಾಲದವರೆಗೂ ಕಾಲುಚೀಲದಲ್ಲೇ ಆಡಳಿತ ನಡೆಸಿದರು.

ತಲೆ ಎಣಿಕೆ

ಅಳತೆ ಕೆಟ್ಟಿತು. ಇನ್ನು ಕೆಲಸದವರ ತಲೆ ಎಣಿಸಿ ಶುಲ್ಕ ಹಾಕೋದು ಅಂತಾಯ್ತು. ಎಣಿಸೋ ದಿನ ಮೊದಲೇ ಹೇಳಿದ್ದರಿಂದ ಹೂವಿನ ಯಜಮಾನರಿಗೆ ಇದ್ದಕ್ಕಿದ್ದಂತೆ ಭಕ್ತಿ ಉಕ್ಕಿಬಂತು. ಕೆಲಸದವರನ್ನೆಲ್ಲ ಬಸ್ಸು ಮಾಡಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕಳಿಸಿಬಿಟ್ಟರು. ಅಷ್ಟು ದೊಡ್ಡ ಕಾರ್ಖಾನೆಯಲ್ಲಿ ಸಾಹೇಬರಿಗೆ ಸಿಕ್ಕಿದ್ದು ಒಬ್ಬ ವಾಚ್‌ಮನ್ನು, ಅವನೂ ನಿದ್ದೆಯಲ್ಲಿ.

ಅಕ್ಕನ ಅಂಗಳದಲ್ಲಿ ಮಾತ್ರ ಜನವೋ ಜನ. ಉಮ್ಮತ್ತೂರಿನ ಹೆಂಗಸರು ಅರಿಶಿನ ಉಜ್ಜುತ್ತಾ ಕೂತಿದ್ದರು. ಸಾಹೇಬರ ಮುಖ ಅರಳಿತು.

"ಇವ್ರು ಕೂಲಿಯೋರಲ್ಲ ಸ್ವಾಮಿ, ಮುಯ್ಯಾಳು" ಅಂದಳು ಅಕ್ಕ. "ಇವತ್ತು ಇವ್ರು ನಮ್ಗೆ ಬಂದವ್ರೆ. ನಾಳೆ ಇವ್ರ ಒಲಕ್ಕೆ ನಾನು ಓಯ್ತೀನಿ. ಕೂಲಿ ಕೊಡೋದೂ ಇಲ್ಲ, ಈಸ್ಕೊಳ್ಳೋದೂ ಇಲ್ಲ."

"ತಲೆ ಇದೆಯಲ್ಲಮ್ಮ. ತಲೆ ಇದ್ರೆ ಎಣಿಸ್ತೀವಿ" ಅಂದು ಸಾಹೇಬರು ಎಣಿಸೋಕೆ ನಿಂತರು. ಹೆಂಗಸರು ಸುಮ್ಮನಿರ್ತಾರಾ? ಒಬ್ಬಳು ನೀರಿಗೆ ಎದ್ದಳು, ಇನ್ನೊಬ್ಬಳು ಎಲೆಅಡಿಕೆಗೆ ಎದ್ದಳು. ಪ್ರತಿ ಸಲವೂ ಲೆಕ್ಕ ಬೇರೆ. ಕೊನೆಗೆ ಮುದುಕಿಯೊಬ್ಬಳಿಗೆ ಕನಿಕರ ಬಂತು.

"ಬೆಳಗ್ಗಿಂದ ಬಿಸ್ಲಲ್ಲಿ ನಿಂತಿದ್ದೀಯಲ್ಲಪ್ಪ. ನಿನ್ ತಲೆ ಎಣಿಸ್ಕೊಂಡ್ಯಾ?"

ಸಾಹೇಬರು ಸಿಟ್ಟಿನಿಂದ, ಎಣಿಸೋಕೆ ಇನ್ನೊಬ್ಬರನ್ನು ಕಳಿಸಿ ಅಂತ ಕಚೇರಿಗೆ ಫೋನು ಮಾಡಿದರು. ಯಾರೂ ಎತ್ತಲಿಲ್ಲ. ಬಸ್ಸಿನಲ್ಲಿ ಜಾಗ ಉಳಿದಿತ್ತಂತೆ. ಕಚೇರಿಯವರೂ ಬೆಟ್ಟಕ್ಕೆ ಹೋಗಿದ್ದರು.

ಬೀಗ ಯಾರಿಗೆ

ಸಾಹೇಬರು ಕಡೇ ಅಸ್ತ್ರ ತೆಗೆದರು: ಜಾಗ, ಜನ, ಕರೆಂಟು ಮೂರನ್ನೂ ಸೇರಿಸಿ ಒಂದು ಸೂತ್ರ. ಅದರ ಪ್ರಕಾರ ಶುಲ್ಕ ಕಟ್ಟದವರ ಘಟಕಕ್ಕೆ ಬೀಗ. ಅಂಗಳವೂ ಸೇರಿ, ಮುಯ್ಯಾಳೂ ಸೇರಿ ಅಕ್ಕನ ಲೆಕ್ಕ ಎಲ್ಲಿಗೋ ಹೋಯ್ತು. ಸಭೆಯ ಹಿಂದಿನ ದಿನ ಅವಳು ನನ್ನ ಶೆಡ್ಡಿಗೆ ಬಂದು, "ತಮ್ಮ, ಕಡಾಯಿ ಯಾರಾದ್ರೂ ತಗೊಂಡಾರಾ ಕೇಳ್ಲಾ" ಅಂದಾಗ ನನಗೆ ಜೋಕು ಹೊಳೆಯಲಿಲ್ಲ. ಅಪರೂಪದ ಘಟನೆ ಅದು.

ಸಭೆಯಲ್ಲಿ ನಾನು ವಿನಯವಾಗಿ ಎದ್ದೆ. "ಸಾ, ಸೂತ್ರ ಭಾಳ ಚೆನ್ನಾಗದೆ. ಒಂದು ಕಟ್ಟಡಕ್ಕೆ ಹಾಕಿ ತೋರ್ಸ್‌ಬುಡಿ, ನಮ್ಗೂ ಅರ್ಥವಾಗ್ಲಿ."

"ಹೇಳಿ."

"ಜಾಗ ಬೇಕಾದಷ್ಟದೆ. ಸುತ್ತ ಹುಲ್ಲುಹಾಸು."

"ದಂಡ ಹಾಕಬೇಕು!"

"ಜನ ತುಂಬವ್ರೆ. ಅರ್ಧ ಜನ ಬರ್ತಾರೆ, ಉಳಿದರ್ಧ ಈಗ್ತಾನೆ ಹೊರಗೆ ಹೋದ್ರು ಅಂತಾರೆ. ಜನ ಇರ್ಲಿ ಬುಡ್ಲಿ, ಫ್ಯಾನು ತಿರುಗ್ತಾನೇ ಇರ್ತವೆ."

"ಕರೆಂಟು ಪೋಲು! ಏನು ತಯಾರು ಮಾಡ್ತಾರೆ?"

"ಗೇಟು ದಾಟಿ ಒಂದು ಮೂಟೆ ಹೋಗಿದ್ದನ್ನ ಇವತ್ತಿನವರೆಗೂ ಯಾರೂ ಕಂಡಿಲ್ಲ ಸಾ."

ಸಾಹೇಬರು ಮೇಜು ಗುದ್ದಿದರು. "ಇಂಥವರಿಂದಲೇ ದೇಶ ಹಾಳಾಗಿರೋದು! ಎಲ್ಲರಿಗಿಂತ ಜಾಸ್ತಿ ಶುಲ್ಕ ಇವರಿಗೇ ಬೀಳುತ್ತೆ. ನಾಳೆನೇ ಬೀಗ ಹಾಕಿಸ್ತೀನಿ. ಯಾರದ್ರೀ ಅದು?"

"ನಾವೀಗ ಕೂತಿರೋದು ಅಲ್ಲೇ ಸಾ."

ಮೇಲೆ ಫ್ಯಾನು ತಿರುಗ್ತಾ ಇತ್ತು. ಸಾಹೇಬರು ತಲೆಯೆತ್ತಿ ಅದನ್ನ ನೋಡಿದರು. ಮೇಲಧಿಕಾರಿಯೊಬ್ಬರೂ ಆ ದಿನ ಸಭೆಗೆ ಬಂದಿದ್ದರು. ಅವರು ತಣ್ಣಗೆ, "ವಲಯದ ಒಳಗಿರೋ ಪ್ರತಿ ಕಟ್ಟಡಕ್ಕೂ ಅಂತ ತಾನೆ ನಿಮ್ಮ ಸೂತ್ರ?" ಅಂದರು.

ಸಾಹೇಬರು ಎದ್ದು ಒಳಕೋಣೆಗೆ ಹೋದರು. ಹೊರಗೆ ಬಂದಾಗ ಹೊಸ ಸೂತ್ರವೇ ಕೈಯಲ್ಲಿತ್ತು. ಜಾಗ ಇಲ್ಲ, ತಲೆ ಇಲ್ಲ, ಕರೆಂಟು ಇಲ್ಲ. ಗೇಟು ದಾಟಿ ಎಷ್ಟು ಮಾಲು ಹೊರಗೆ ಹೋಗುತ್ತೋ ಅಷ್ಟಕ್ಕೆ ತಕ್ಕ ಶುಲ್ಕ. ಏನೂ ಕಳಿಸದ ಕಟ್ಟಡಕ್ಕೆ ಸೊನ್ನೆ.

ಹೂವಿನ ಯಜಮಾನರ ಚಪ್ಪಾಳೆ ಈ ಸಲ ಕೇಳಿಸಲಿಲ್ಲ. ಅಕ್ಕ ಬೆರಳು ಮಡಿಚಿ ತನ್ನ ಮೂಟೆಗಳ ಲೆಕ್ಕ ಹಾಕಿದಳು. ಅವಳ ಮುಖ ನಿಧಾನವಾಗಿ ಸಡಿಲಾಯ್ತು. ಕಡಾಯಿ ಉಳಿಯಿತು.

ಎದ್ದು ಸಾಹೇಬರಿಗೆ ಎರಡೂ ಕೈ ಜೋಡಿಸಿ, ಒಂದಿಷ್ಟೂ ವ್ಯಂಗ್ಯ ಇಲ್ಲದೆ, ಕಣ್ಣಲ್ಲಿ ನೀರು ತುಂಬಿಕೊಂಡು ಅಂದಳು:

"ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಸ್ವಾಮಿ. ನೀವು ಇಷ್ಟು ವರ್ಷ ಏನೂ ಮಾಡ್ದೆ ಇದ್ದದ್ದಕ್ಕೆ ನಾನು ಉಳ್ಕೊಂಡೆ."