ನೀರಿನ ಡಾಕ್ಟರ ಮೀಸೆ

ಡಬ್ಬ ಹಿಡಿದುಕೊಂಡು ಯಾರದಾದರೂ ಮನೆ ಮುಂದೆ ಬೈಕು ನಿಲ್ಲಿಸಿದೆ ಅಂದರೆ ಸಾಕು, ನಾನು ಚಪ್ಪಲಿ ಬಿಡೋದರೊಳಗೆ ಏನಾದರೊಂದು ಎಡವಟ್ಟು ಶುರುವಾಗಿರುತ್ತದೆ. ತಪ್ಪು ನಂದಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು ಮೂರು ತಾಲ್ಲೂಕಲ್ಲೂ ಮನೆಮನೆಗೆ ಹೋಗಿ ಕುಡಿಯುವ ನೀರು ಪರೀಕ್ಷೆ ಮಾಡೋದರಲ್ಲಿ ನನ್ನನ್ನು ಮೀರಿಸುವವನು ಇನ್ನೊಬ್ಬನಿಲ್ಲ. ಇನ್ನೊಬ್ಬ ಈ ಕೆಲಸ ಮಾಡ್ತಾನೋ ಇಲ್ಲವೋ ಅನ್ನೋದು ಬೇರೆ ಮಾತು. ಕೊಳ್ಳೇಗಾಲದ ಒಂದು ಫಿಲ್ಟರ್ ಅಂಗಡಿಯವರು ಟ್ರೈನಿಂಗ್ ಕೊಟ್ಟು ಈ ಡಬ್ಬ ಕೊಟ್ಟಿದ್ದಾರೆ. ಒಳಗೆ ಬಣ್ಣ ಬದಲಾಯಿಸುವ ಕಾಗದದ ಪಟ್ಟಿಗಳು, ಹನಿ ಹಾಕುವ ಔಷಧಿ, ಪೆನ್ನಿನಂಥ ಮೀಟರು, ಪುಟ್ಟ ಬಾಟಲಿಗಳು. ಜನ ನನ್ನನ್ನು ಪ್ರೀತಿಯಿಂದ ನೀರಿನ ಡಾಕ್ಟ್ರು ಅಂತಾರೆ. ಹಾಗೆ ಕರೀರಿ ಅಂತ ಹೇಳಿಕೊಟ್ಟವನು ನಾನೇ, ಆದರೂ ಪ್ರೀತಿ ಅವರದೇ.

ಈಗ ಹೇಳೋದೆಲ್ಲ ನನ್ನ ಮೀಸೆ ಪಣಕ್ಕೆ ಬಿದ್ದಿದ್ದ ದಿನಗಳ ಕಥೆ. ನಮ್ಮೂರು ಧನಗೆರೆ. ನಮ್ಮ ಹಿತ್ತಿಲಿಗೆ ಅಂಟಿಕೊಂಡಿರೋದು ದೊಡ್ಡಪ್ಪನ ಹಿತ್ತಿಲು. ಮನೆ ಭಾಗವಾದಾಗ ತಾತನ ಕಾಲದ ಬಾವಿ ನಮಗೆ ಬಂತು, ದೊಡ್ಡಪ್ಪ ಮುನಿಸಿಕೊಂಡು ಬೋರು ಕೊರೆಸಿದರು. ಅವತ್ತಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. "ಅವನ ಮನೆ ನೀರು ನನ್ನ ಹೊಸ್ಲು ದಾಟಬಾರ್ದು" ಅಂತ ನಮ್ಮಪ್ಪ ಆಣೆ ಮಾಡಿದ್ದಾರೆ. ಇಂಥಾ ಮನೆಯ ಮಗ ನಾನು, ಟೀ ಅಂಗಡೀಲಿ ಒಂದು ದಿನ ಕಾಲ ಮೇಲೆ ಕಾಲು ಹಾಕಿಕೊಂಡು, "ನಮ್ಮ ಬಾವಿ ನೀರಿನಂಥ ನೀರು ಮೂರು ತಾಲ್ಲೂಕಲ್ಲೇ ಇಲ್ಲ ಕಣ್ರಲಾ" ಅಂದೆ. ಪೇಪರಿನ ಹಿಂದಿನಿಂದ ದೊಡ್ಡಪ್ಪನ ದನಿ ಬಂತು.

"ನಮ್ಮ ಬೋರ್ ನೀರಿನ ಪಕ್ಕ ಇಟ್ಟು ಟೆಸ್ಟ್ ಮಾಡ್ಲಾ, ನೋಡವ. ಸೋತ್ರೆ ಮೀಸೆ ತಗೀತೀಯಾ?"

"ತಗೀತೀನಿ!"

ಬಾಯಿ ಅಂದುಬಿಟ್ಟಿತು. ಬರೋ ಭಾನುವಾರ, ಊರವರ ಮುಂದೆ ಅಂತ ನಿಶ್ಚಯ ಆಯಿತು. ಮೀಸೆ ಅಂದರೆ ಅಂತಿಂಥ ಮೀಸೆಯಲ್ಲ, ಎರಡು ತುದಿಗೂ ನಿಂಬೆಹಣ್ಣು ನಿಲ್ಲುವಂಥದ್ದು. ಮೇಲಾಗಿ ಅದರ ಮಾರನೇ ವಾರ ಹೆಣ್ಣು ನೋಡೋಕೆ ಹೋಗೋದಿತ್ತು. ಕಳಿಸಿದ್ದ ಫೋಟೋದಲ್ಲಿ ಮುಖಕ್ಕಿಂತ ಮೀಸೆಯೇ ಜಾಸ್ತಿ ಇತ್ತು.

೧. ಮಗ್ಗದ ಮನೆ ಮರ್ಯಾದೆ

ಸೋಮವಾರ ಕೊಳ್ಳೇಗಾಲದಲ್ಲಿ ಒಂದು ರೇಷ್ಮೆ ಮಗ್ಗದ ಮನೆಗೆ ಹೋದೆ. ಒಳಗೆ ಮಗ್ಗ ಟಕಟಕ ಅಂತಿತ್ತು. "ಅಮ್ಮಾ, ನೀವು ಕುಡಿಯೋ ನೀರು ಒಂದು ಲೋಟ ಕೊಡಿ" ಅಂದೆ. ಮನೆಯೊಡತಿ ಒಳಗೆ ಹೋಗಿ, ಎಷ್ಟೋ ಹೊತ್ತಾದ ಮೇಲೆ ಬೆಳ್ಳಿ ಲೋಟದಲ್ಲಿ ನೀರು ತಂದರು. ಪಟ್ಟಿ ಅದ್ದಿದೆ, ಹನಿ ಹಾಕಿದೆ, ಮೀಟರಿಟ್ಟೆ. ಇಂಥ ನೀರನ್ನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಅಕ್ಕಪಕ್ಕದವರನ್ನೆಲ್ಲ ಕರೆದು ಭಾಷಣ ಬಿಗಿದೆ.

"ನೋಡ್ರಿ, ಈ ಮನೆ ನಲ್ಲಿ ನೀರು ಅಂಗಡೀಲಿ ಸಿಗೋ ಬಾಟ್ಲಿ ನೀರಿನಂಗೇ ಅದೆ!"

ಆಯಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ಅಂದರು. "ಬಾಟ್ಲಿದೇ ಕಣಪ್ಪಾ, ಈಗ ತರಿಸ್ದೆ. ಮನೆಗೆ ಬಂದೋರಿಗೆ ನಲ್ಲಿ ನೀರು ಕೊಡಕಾಯ್ತದಾ?"

ಅವತ್ತೇ ಒಂದು ರೂಲ್ಸು ಮಾಡಿಕೊಂಡೆ. ಯಾರು ತಂದುಕೊಟ್ಟ ನೀರನ್ನೂ ನಂಬಬಾರದು, ಮೂಲದಿಂದ ನಾನೇ ಹಿಡಿಯಬೇಕು. ಎಂಥಾ ಬುದ್ಧಿವಂತಿಕೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಈ ರೂಲ್ಸು ಮುಂದೆ ಏನು ಮಾಡಿತು ಅನ್ನೋದು ಕೊನೇಲಿದೆ.

೨. ಕುಂತೂರಿನ ಮೀಟರು

ಕುಂತೂರಿನಲ್ಲಿ ಸಕ್ಕರೆ ಕಾರ್ಖಾನೆಯಿಂದ ರಿಟೈರ್ ಆದ ತಾತ ಒಬ್ಬರ ಮನೆ. ರಸ್ತೇಲಿ ಕಬ್ಬಿನ ಟ್ರಾಕ್ಟರು ಹೋಗ್ತಾ ಇದ್ದರೆ ಇಲ್ಲಿ ಒಂದು ಮಾತೂ ಕೇಳಿಸಲ್ಲ. ರೂಲ್ಸಿನ ಪ್ರಕಾರ ನಾನೇ ನಲ್ಲಿಯಿಂದ ನೀರು ಹಿಡಿದು, ಮೀಟರಿನ ಮೂತಿ ಅದ್ದಿದೆ. ನೀರಲ್ಲಿ ಕರಗಿರೋ ಉಪ್ಪಿನಂಶ ಎಷ್ಟು ಅಂತ ಅದು ನಂಬರು ತೋರಿಸುತ್ತೆ. ತಾತ ಕನ್ನಡಕ ಏರಿಸಿ ಬಗ್ಗಿದರು.

"ಎಷ್ಟು ಬಂತಪ್ಪಾ?"

"ನಾನೂರು ದಾಟ್ತು ತಾತ."

ತಾತನ ಮುಖ ಇಳಿದುಹೋಯಿತು. ಅಯ್ಯೋ ಪಾಪ ಅಂತ ನೀರಿನ ಕಡೆ ನೋಡಿದರು. ಅವರಿಗೆ ಸಕ್ಕರೆ ಕಾಯಿಲೆ ಅಂತ ಆಮೇಲೆ ಗೊತ್ತಾಯಿತು. ನನ್ನ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದರು.

"ಇದು ಊಟಕ್ಕೆ ಮುಂಚೇದಾ, ಊಟ ಆದ್ಮೇಲಿಂದಾ?"

೩. ಕಾವಿಗೆ ಕೂತ ಬಾಟಲಿ

ಹನೂರಿನ ಆಚೆ, ಕಾಡಂಚಿನ ಒಂದು ಊರು. ಅರ್ಧ ತಮಿಳು ಅರ್ಧ ಕನ್ನಡ ಮಾತಾಡೋ ಅಜ್ಜಿ. ನೀರಲ್ಲಿ ಹೊಟ್ಟೆ ಕೆಡಿಸೋ ಕ್ರಿಮಿ ಇದೆಯಾ ನೋಡೋಕೆ ಒಂದು ಬಾಟಲಿ ಇದೆ. ಅದರಲ್ಲಿ ನೀರು ತುಂಬಿ ಮುಚ್ಚಳ ಬಿಗಿದು ಬೆಚ್ಚಗಿಡಬೇಕು. ಕಪ್ಪಾದರೆ ನೀರು ಕೆಟ್ಟಿದೆ ಅಂತ. "ಅಜ್ಜಿ, ಇದನ್ನ ಬೆಚ್ಚಗೆ ಇಡಿ, ಅಲ್ಲಾಡಿಸಬೇಡಿ. ನಾಡಿದ್ದು ಬತ್ತೀನಿ" ಅಂತ ಹೇಳಿ ಬಂದೆ.

ಹೋಗಿ ನೋಡಿದರೆ ಬಾಟಲಿ ಎಲ್ಲೂ ಇಲ್ಲ. ಅಜ್ಜಿ ಮೂಲೇಲಿದ್ದ ಮಂಕರಿ ಬುಟ್ಟಿ ತೋರಿಸಿದರು. ಅದರಲ್ಲಿ ಕರಿ ಕೋಳಿ ಮೊಟ್ಟೆಗೆ ಕಾವು ಕೂತಿತ್ತು. ಮೊಟ್ಟೆಗಳ ನಡುವೆ ನನ್ನ ಬಾಟಲಿ! ತೆಗೆಯೋಕೆ ಕೈ ಹಾಕಿದರೆ ಕೋಳಿ ನನ್ನ ಹೆಬ್ಬೆರಳು ಕುಕ್ಕಿ ಕುಕ್ಕಿ ಕೆಂಪು ಮಾಡಿತು. ಬಾಟಲಿ ಕೊಡೋಕೆ ಅದಕ್ಕೆ ಇಷ್ಟವೇ ಇಲ್ಲ, ಸ್ವಂತ ಮಗು ಅಂದುಕೊಂಡುಬಿಟ್ಟಿತ್ತು. ಕೊನೆಗೂ ಕಿತ್ತುಕೊಂಡು ನೋಡಿದರೆ ನೀರು ಕಾಡಿಗೆ ಥರ ಕಪ್ಪು.

"ಅಜ್ಜಿ, ನೀರು ಕೆಟ್ಟದೆ. ಕುದಿಸಿ ಆರಿಸಿ ಕುಡೀಬೇಕು, ತೊಟ್ಟಿ ತೊಳಿಸಬೇಕು."

ಅಜ್ಜಿ ಸೊಂಟದ ಮೇಲೆ ಕೈ ಇಟ್ಟುಕೊಂಡರು. "ಏನ್ ತಂಬಿ ನೀನು! ಕರೀ ಕೋಳಿ ಕಾವು ಕೊಟ್ರೆ ಕರ್ರಗಾಗ್ದೆ ಇನ್ನೇನಾಯ್ತದೆ? ಇನ್ನೊಂದು ಬಾಟ್ಲಿ ತತ್ತಾ, ಬಿಳೀ ಕೋಳಿ ಕೆಳಗಿಡ್ತೀನಿ."

೪. ಒಂದೇ ಪೈಪು

ಹೊನ್ನೂರಲ್ಲಿ ವಾರಗಿತ್ತಿಯರಿಬ್ಬರು, ಒಂದೇ ಬೋರು, ನಡುವೆ ಒಂದು ಗೋಡೆ. ಇಬ್ಬರಿಗೂ ಬೇರೆ ಬೇರೆ ಪರೀಕ್ಷೆ ಆಗಬೇಕಂತೆ. ಮಾಡಿದೆ. ಎರಡು ಪಟ್ಟಿಯೂ ಒಂದೇ ಹಸಿರು. "ಪೈಪು ಒಂದೇ ಅಲ್ವಾ ಅಕ್ಕಾ, ನೀರೂ ಒಂದೇ" ಅಂದೆ. ಇಬ್ಬರೂ ಮುಖ ಸಿಂಡರಿಸಿದರು. ಹಿರಿಯಾಕೆ ಪಟ್ಟಿ ಬಿಸಿಲಿಗೆ ಹಿಡಿದು, ಗೋಡೆ ಆಚೆ ಕೇಳೋ ಹಂಗೆ ಅಂದರು. "ಪೈಪು ಒಂದೇ ಇರ್ಬೋದು. ಬಿಂದಿಗೆ ಬೆಳಗೋ ಕೈ ಬೇರೆ ಕಣಪ್ಪ."

೫. ಮೀಸೆಯ ಭಾನುವಾರ

ಭಾನುವಾರ ನಮ್ಮ ಜಗುಲಿ ಮುಂದೆ ಅರ್ಧ ಊರೇ ಸೇರಿತ್ತು. ಕ್ಷೌರದವನೂ ಬಂದಿದ್ದ, ಸಾಮಾನಿನ ಸಮೇತ. ಅವನನ್ನು ಕರೆಸಿದ್ದು ದೊಡ್ಡಪ್ಪ. ನಮ್ಮಪ್ಪ ಅಣ್ಣನ ಕಡೆ ನೋಡದೆ ಕಂಬಕ್ಕೆ ಒರಗಿ ಕೂತಿದ್ದರು.

ಪರೀಕ್ಷೆ ನೀರಿನ ಗಡಸುತನದ್ದು. ಔಷಧಿ ಬಿಟ್ಟರೆ ನೀರು ಕೆಂಪಾಗುತ್ತೆ, ಆಮೇಲೆ ಇನ್ನೊಂದು ಔಷಧಿ ಹನಿ ಹನಿಯಾಗಿ ಹಾಕ್ತಾ ಹೋದರೆ ನೀಲಿಯಾಗುತ್ತೆ. ಬೇಗ ನೀಲಿಯಾದಷ್ಟೂ ನೀರು ಮೆದು, ಹನಿ ಕುಡಿದಷ್ಟೂ ಗಡಸು. ಅವ್ವ ಅಡುಗೆಮನೆ ಗಡಿಗೆಯಿಂದ ಒಂದು ಲೋಟ ನೀರು ತಂದರು. ಕೆಲವೇ ಹನಿಗೆ ನೀಲಿ! ನಾನು ಮೀಸೆ ತಿರುವಿದೆ. ದೊಡ್ಡಪ್ಪನ ಬೋರಿನ ನೀರಿಗೆ ಹಾಕಿದೆ. ಅಷ್ಟೇ ಹನಿ, ಅದೇ ನೀಲಿ.

"ಸಮ ಆಯ್ತು. ಮೀಸೆ ಉಳೀತು, ಎದ್ದೇಳ್ರಿ" ಅಂದ ಯಾರೋ.

ಅಷ್ಟಕ್ಕೇ ಸುಮ್ಮನಾಗಿದ್ದರೆ ಇವತ್ತು ನನ್ನ ಕಥೆ ಬೇರೆ ಇರ್ತಿತ್ತು. ಆದರೆ ನಾನು ಸಮಕ್ಕೆ ಒಪ್ಪುವ ಗಂಡಸಾ? "ತಂದುಕೊಟ್ಟ ನೀರು ಲೆಕ್ಕಕ್ಕಿಲ್ಲ. ಮೂಲದಿಂದ ನಾನೇ ಸೇದ್ತೀನಿ. ನನ್ನ ರೂಲ್ಸು!" ಅಂತ ಬಾವಿ ಕಡೆ ನಡೆದೆ.

ಅವ್ವ ಓಡಿಬಂದು ತೋಳು ಹಿಡಿದರು. "ಬ್ಯಾಡ ಕಣ್ಲಾ, ಸಾಕು ಬುಡ್ಲಾ."

"ಬುಡವ್ವ, ನೋಡ್ತಿರು!"

ಸೇದಿದೆ. ಹನಿ ಹಾಕಿದೆ. ಕೆಂಪು. ಇನ್ನೂ ಹಾಕಿದೆ. ಕೆಂಪು. ಔಷಧಿ ಬಾಟಲಿ ಖಾಲಿಯಾಯಿತು, ನೀರು ದಾಸವಾಳದ ಹಂಗೆ ನಗ್ತಾ ಇತ್ತು.

ಅವ್ವ ತಲೆ ತಗ್ಗಿಸಿ ಬಾಯಿ ಬಿಟ್ಟರು. "ಈ ಬಾವಿ ನೀರಲ್ಲಿ ಬೇಳೆ ಬೇಯಕಿಲ್ಲ ಕಣ್ಲಾ. ಅವ್ರು ಬೋರ್ ಕೊರೆಸಿದಾಗಿಂದ ಹಿತ್ಲ ಬಾಗ್ಲಿಂದ ನಿನ್ನ ದೊಡ್ಡವ್ವನೇ ಬಿಂದಿಗೆ ನೀರು ಕೊಡ್ತಾವ್ಳೆ. ಕುಡಿಯಕ್ಕೂ ಅದೇ, ಸಾರಿಗೂ ಅದೇ."

ಅಂದರೆ ನಾನು ಮೂರು ತಾಲ್ಲೂಕಲ್ಲಿ ಹೊಗಳಿಕೊಂಡು ತಿರುಗಿದ ನೀರು ದೊಡ್ಡಪ್ಪನದು! ದೊಡ್ಡಪ್ಪ ಬಾಯಿ ತೆರೆದುಕೊಂಡು ದೊಡ್ಡವ್ವನ ಕಡೆ ನೋಡಿದರು. ಆಯಮ್ಮ ಆಕಾಶ ನೋಡಿದರು. ಆಮೇಲೆ ದೊಡ್ಡಪ್ಪನ ಮುಖದಲ್ಲಿ ನಗು ಅರಳಿತು.

"ಲೇ ಡಾಕ್ಟ್ರೇ, ನನ್ನ ನೀರು ಚೆಂದಾಗದೆ ಅಂತ ನಿಮ್ಮಪ್ಪನ ಬಾಯಲ್ಲಿ ಒಂದು ಮಾತು ಹೇಳ್ಸು. ಮೀಸೆ ಬುಟ್ಟುಬುಡ್ತೀನಿ."

ಎಲ್ಲರೂ ಅಪ್ಪನ ಕಡೆ ತಿರುಗಿದರು. ನಾನಂತೂ ಕಣ್ಣಲ್ಲೇ ಕೈ ಮುಗಿದೆ. ಅಪ್ಪ ನನ್ನ ಮೀಸೆ ನೋಡಿದರು, ಲೋಟದ ನೀರು ನೋಡಿದರು, ಗಂಟಲು ಸರಿಮಾಡಿಕೊಂಡರು. ಕ್ಷೌರದವನಿಗೆ ಹೇಳಿದರು.

"ಬೋಳಿಸ್ಲಾ. ಮತ್ತೆ ಬೆಳೀತದೆ."

ಹೆಣ್ಣಿನ ಮನೆಯವರು ಮಾರನೇ ವಾರ, "ಹುಡುಗನ ತಮ್ಮನನ್ನ ಕರಕೊಂಡು ಬಂದಿದ್ದೀರಿ, ಹುಡುಗ ಎಲ್ಲಿ?" ಅಂತ ಕೇಳಿದ್ದು ಇರಲಿ. ಮೀಸೆ ಈಗ ಮೊದಲಿಗಿಂತ ದಪ್ಪ ಬರ್ತಾ ಇದೆ, ಬಂದು ನೋಡಬಹುದು. ಹೇಳಬೇಕಾದ್ದು ಮೀಸೆ ಹೋದ ಮಾರನೇ ದಿನದ್ದು, ಸೋಮವಾರ ಬೆಳಿಗ್ಗೆಯದು.

ದೊಡ್ಡಪ್ಪ ತಾವೇ ಹೆಗಲ ಮೇಲೆ ತುಂಬಿದ ಬಿಂದಿಗೆ ಹೊತ್ತುಕೊಂಡು, ಬೀದಿ ಸುತ್ತಿ, ನಮ್ಮ ಮುಂಬಾಗಿಲಿಗೆ ಬಂದು ನಿಂತರು. ಇನ್ನು ಕದ್ದು ಮುಚ್ಚಿ ಯಾಕೆ ಅಂತ. ಜಗುಲೀಲಿ ಅಪ್ಪ ಇದ್ದರು, ಪಕ್ಕದಲ್ಲಿ ಬೋಳು ಮೂತಿಯ ನಾನು. ಅಪ್ಪ ಅಣ್ಣನ ಕಡೆ ತಿರುಗಲಿಲ್ಲ. ನನಗೆ ಹೇಳಿದರು.

"ಲೇ, ಆಣೆ ಮಾಡಿರೋದು ಈ ಹೊಸ್ಲಿಗೆ. ಹಿತ್ಲ ಬಾಗ್ಲಿಗೆ ನಾನೇನೂ ಅಂದಿಲ್ಲ ಅಂತ ಹೇಳ್ಲಾ ಅವ್ನಿಗೆ."

"ಹಿತ್ಲ ಬಾಗ್ಲ ವಿಷ್ಯ ನಿಂಗೆ ಯಾವಾಗಿಂದ ಗೊತ್ತಪ್ಪಾ?" ಅಂದೆ.

"ಬೇಳೆ ಬೇಯಕ್ಕೆ ಶುರುವಾದಾಗಿಂದ."

ದೊಡ್ಡಪ್ಪ ಬಿಂದಿಗೆ ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಬಂದ ದಾರೀಲೇ ಪೂರ್ತಿ ಬೀದಿ ಸುತ್ತಿಕೊಂಡು, ನಮ್ಮ ಹಿತ್ತಿಲ ಬಾಗಿಲು ತಟ್ಟಿದರು.