ಕುಂಕುಮ ಇಟ್ಟು ಕರೆದ ಕಂಪ್ಯೂಟರ್ ಸಭೆ

ನನಗೆ ಕೆಲಸ ಸಿಕ್ಕಿದೆ ಎಂದಾಗ ನಮ್ಮ ಮನೆಯಲ್ಲಿ ಯಾರೂ ನಂಬಲಿಲ್ಲ. ಅದು ಎಂಥ ಕೆಲಸವೆಂದು ವಿವರಿಸಿದ ಮೇಲಂತೂ ನನ್ನ ತಲೆಯ ಬಗ್ಗೆಯೇ ಅನುಮಾನ ಬಂತು.

"ಕಂಪ್ಯೂಟರ್ ಮಾರ್ಬೇಕಾ?" ಎಂದರು ಯಜಮಾನರು ಮುನೀಂದ್ರ.

"ಇಲ್ಲ."

"ರಿಪೇರಿನಾ?"

"ಅದೂ ಅಲ್ಲ ಕಣ್ರೀ. ಸೀರೆ ಡಿಸೈನ್ ಬರೆಯೋ ಪ್ರೋಗ್ರಾಮ್ ಇದೆಯಲ್ಲ, ಅದನ್ನ ಬಳಸೋರು, ಅದಕ್ಕೆ ತಾವೇ ಇನ್ನೊಂದಿಷ್ಟು ಬರೆದು ಸೇರಿಸೋರು, ಎಲ್ಲರನ್ನೂ ಒಂದು ಕಡೆ ಕೂಡಿಸ್ಬೇಕು. ಕಷ್ಟಸುಖ ಕೇಳಿ ಕಂಪನಿಗೆ ಹೇಳ್ಬೇಕು."

"ಅದಕ್ಕೆ ಸಂಬ್ಳಾನೂ ಕೊಡ್ತಾರಾ?" ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಸೊಣ್ಣಮ್ಮನವರು ತಲೆಯೆತ್ತಿದರು. "ನಾನು ಮದ್ವೆಯಾಗಿ ಬಂದಾಗಿಂದ ಬೀದಿಯೋರ ಕಷ್ಟಸುಖ ಕೇಳ್ತಾವ್ನಿ. ಒಬ್ರೂ ಒಂದ್ ಲೋಟ ಕಾಪಿ ಕೊಟ್ಟಿಲ್ಲ!"

ನನಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ದೊಡ್ಡಬಳ್ಳಾಪುರದ ಮಗ್ಗಗಳ ಪಕ್ಕದಲ್ಲಿ ಕಂಪ್ಯೂಟರುಗಳು ಆಗಷ್ಟೇ ಕಣ್ಣು ಬಿಡುತ್ತಿದ್ದವು. ಬೆಂಗಳೂರಿನಲ್ಲಿ ಓದಿ ಸಂಪಾದಿಸಿದ ನನ್ನ ಡಿಪ್ಲೊಮಾ ಮಗಳು ಕೀರ್ತನಳ ಬಟ್ಟೆಗಳ ಅಡಿಯಲ್ಲಿ ಉಸಿರುಗಟ್ಟಿ ಮಲಗಿತ್ತು. ಈಗ ಅದಕ್ಕೂ ಒಂದು ಕಾಲ ಬಂತಲ್ಲ! ಇದ್ದದ್ದು ಒಂದೇ ಷರತ್ತು. ಮೊದಲ ಸಭೆ ನೋಡಲು ಮ್ಯಾನೇಜರ್ ಶ್ರೀಧರ್ ಬರುತ್ತಾರೆ. ಜನ ಸೇರಿದರೆ ಕೆಲಸ ಖಾಯಂ, ಇಲ್ಲದಿದ್ದರೆ ದೊಡ್ಡ ನಮಸ್ಕಾರ.

ಕರಪತ್ರ ಹಂಚಿದೆ. ಮರುದಿನ ಯಜಮಾನರು ಅದರಲ್ಲೇ ಬೋಂಡಾ ಕಟ್ಟಿಸಿಕೊಂಡು ಬಂದರು.

"ಪೇಪರ್ ಕೊಟ್ರೆ ಯಾರ್ ಬತ್ತಾರೆ?" ಎಂದರು ಅತ್ತೆ. "ಕುಂಕುಮ ಇಟ್ಟು ಬಾಯ್ತುಂಬ ಕರಿ. ಬರ್ದೇ ಇರಕ್ಕೆ ಅವ್ರಿಗೂ ಮುಖ ಇರಕಿಲ್ಲ."

ಎಂಥ ದಿವ್ಯ ತಂತ್ರ! ಒಂದು ಕೈಯಲ್ಲಿ ಕುಂಕುಮದ ಬಟ್ಟಲು, ಕಂಕುಳಲ್ಲಿ ಮಗು. ಮಗ್ಗದ ಮನೆಗಳಿಗೆಲ್ಲ ದಿಗ್ವಿಜಯ ಹೊರಟೆ. "ಭಾನುವಾರ ನಮ್ಮನೆಯಲ್ಲಿ ಬಳಕೆದಾರರ ಸಭೆ, ಖಂಡಿತ ಬನ್ನಿ" ಎಂದೆ. ಹೆಂಗಸರು ಹಣೆ ಮುಂದಕ್ಕೆ ಒಡ್ಡಿ ಕುಂಕುಮ ಇಡಿಸಿಕೊಂಡರು, ಮಗುವಿನ ಬರಿಗಿವಿ ಸವರಿದರು, ಅರ್ಥವಾದಂತೆ ನಕ್ಕರು. (ಕೀವಾದರೆ? ಜ್ವರ ಬಂದರೆ? ಎಂದು ಹೆದರಿ ಕಿವಿ ಚುಚ್ಚುವ ಶಾಸ್ತ್ರವನ್ನು ನಾನು ಮುಂದೂಡುತ್ತಲೇ ಬಂದಿದ್ದೆ.)

ಭಾನುವಾರ ಜನ ಬಂದರು ನೋಡಿ! ರೇಷ್ಮೆ ಸೀರೆ, ಮಲ್ಲಿಗೆ ಹೂವು, ಕೈಯಲ್ಲಿ ಸ್ಟೀಲ್ ಬಟ್ಟಲು, ಪುಟ್ಟ ಫ್ರಾಕು. ಬೀದಿಗೆಲ್ಲ ದೊಡ್ಡ ಮಗ್ಗದ ಯಜಮಾನ ಗಂಗಣ್ಣ ಸಕುಟುಂಬ ಬಂದು, "ಎಲ್ಲಮ್ಮಾ ಮಗು? ಕಿವಿ ಚುಚ್ಚೋರು ಬಂದ್ರಾ?" ಎಂದರು.

"ಅಣ್ಣಾ, ಇದು ಕಂಪ್ಯೂಟರ್ ಸಭೆ..."

"ಕುಂಕುಮ ಇಟ್ಟು ಯಾರಾರ ಕಂಪ್ಯೂಟರ್‌ಗೆ ಕರೀತಾರೇನ್ ತಾಯಿ?"

ಅತ್ತೆ ನನ್ನನ್ನು ಅಡುಗೆಮನೆಗೆ ಎಳೆದರು. "ಮುಯ್ಯಿ ತಂದವ್ರೆ. ಹಂಗೇ ಕಳ್ಸಿದ್ರೆ ನಮ್ ಮಾನ ಏನಾಗ್ಬೇಕು? ಲೇ ಮುನೀಂದ್ರ, ಓಡು, ಅಕ್ಕಸಾಲಿ ಆಚಾರ್ರನ್ನ ಕರ್ಕೊಂಡ್ ಬಾ! ಕೇಸರಿಬಾತ್ ನಾನ್ ನೋಡ್ಕತೀನಿ."

"ಅತ್ತೆ, ಮಗೂಗೆ ನೋವಾಗುತ್ತೆ!"

"ನಿಂಗೂ ಆಗಿತ್ತು. ಸತ್ತೋದ್ಯಾ?"

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಹಜಾರ ಭರ್ತಿ, ಜಗಲಿ ಭರ್ತಿ. "ಇಷ್ಟೊಂದು ಬಳಕೆದಾರರಾ ಮೇಡಂ!" ಎಂದು ಕಣ್ಣರಳಿಸಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅವರ ತೋಳು ಹಿಡಿದು, "ಸೋದರಮಾವ ಬಂದಿಲ್ಲ, ನೀವೇ ಕೂತ್ಕಳಿ ಸ್ವಾಮಿ" ಎಂದು ಮಣೆಯ ಮೇಲೆ ಕೂರಿಸಿ, ತೊಡೆಯ ಮೇಲೆ ಮಗುವನ್ನಿಟ್ಟರು.

ಆಚಾರ್ರು ಚುಚ್ಚಿದರು. ಮಗು ಮ್ಯಾನೇಜರರ ಟೈ ಹಿಡಿದು ಕಿರುಚಿತು. ನಾನು ಅದಕ್ಕಿಂತ ಜೋರಾಗಿ ಕಿರುಚಿದೆ. ಸಮಾಧಾನಕ್ಕೆ ಏನೂ ತೋಚದೆ, ಸಭೆಗೆಂದು ಕಂಪನಿ ಕಳಿಸಿದ್ದ ಕಂಪ್ಯೂಟರಿನ ಗುಂಡಿ ಒತ್ತಿದೆ. ಪರದೆಯ ಮೇಲೆ ನವಿಲಿನ ಅಂಚು ಮೂಡಿತು. ಮಗು ಗಪ್‌ಚಿಪ್. ಸಭೆಯೂ ಗಪ್‌ಚಿಪ್.

"ಆ ನವಿಲಿನ ಕತ್ತು ತಿರುಗ್ಸಕ್ಕಾಯ್ತದಾ?" ಗಂಗಣ್ಣ ಮುಂದಕ್ಕೆ ಬಾಗಿದರು. "ನನ್ ಮಿಷಿನ್ನಲ್ಲಿ ಕತ್ತು ತಿರುಗ್ಸಿದ್ರೆ ಬಾಲ ಮಾಯ!"

"ಅದುಕ್ಕೇ ನಾನೊಂದ್ ಪ್ರೋಗ್ರಾಮ್ ಬರ್ದಿವ್ನಿ ಕಣಣ್ಣ," ಹಿಂದಿನಿಂದ ಇನ್ನೊಂದು ಮಗ್ಗದ ಮನೆಯ ನರಸಿಂಹಯ್ಯ ಕೂಗಿದರು, "ಬಾ, ತೋರಿಸ್ತೀನಿ!"

"ನೀ ಬರೆದಿದ್ದಾ? ನಿನ್ ಹಂಸ ನೋಡಿವ್ನಿ, ಬಾತುಕೋಳಿ ಇದ್ದಂಗದೆ!"

ಆಮೇಲೆ ಅಲ್ಲಿ ನಡೆದದ್ದು ಸಭೆಯಲ್ಲ, ಸಂತೆ. ದೂರು, ಜಗಳ, ಉಪಾಯ, ಪಂಥ. ಯಾರಿಗೂ ಕೇಸರಿಬಾತ್ ನೆನಪಿಲ್ಲ! ಮ್ಯಾನೇಜರ್ ಸಾಹೇಬರು ಮಗುವಿನ ಬಾಯಲ್ಲಿ ಟೈ ಬಿಟ್ಟು ಒಂದೇ ಕೈಯಲ್ಲಿ ದೂರುಗಳನ್ನು ಬರೆದುಕೊಂಡರು.

ಹೊರಡುವಾಗ ಅವರು ಕೈ ಮುಗಿದರು. "ರೂಪಾ ಮೇಡಂ, ನಿಮ್ಮ ಕೆಲಸ ಖಾಯಂ! ಅದರಲ್ಲೂ ಆ ಕಿವಿ ಚುಚ್ಚೋ ಐಡಿಯಾ ಇದೆಯಲ್ಲ, ಅದ್ಭುತ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಲ್ಲೂ ಹೀಗೇ ಮಾಡ್ಬಿಡಿ."

ಹಾರುತ್ತಿದ್ದವಳು ಧೊಪ್ಪನೆ ಬಿದ್ದೆ. "ಸರ್, ನನಗಿರೋದು ಒಂದೇ ಮಗು..."

ಬಾಗಿಲ ಸಂದಿಯಿಂದ ಅತ್ತೆಯ ದನಿ ತೇಲಿ ಬಂತು. "ಅದುಕ್ಕೇನ್ ಸ್ವಾಮಿ, ಊರಿಗೊಂದು ಮಾಡಾನ. ವಸಿ ಟೈಮ್ ಕೊಡಿ, ಅಷ್ಟೇಯ."

ನನ್ನ ಯಜಮಾನರು ಕೇಸರಿಬಾತಿನ ತಟ್ಟೆ ಕೆಳಗಿಟ್ಟು, ಕೈ ಒರೆಸಿಕೊಂಡು, ಕಂಪನಿಯ ಏಳಿಗೆಗೆ ತಮ್ಮ ಸಂಪೂರ್ಣ ಸಹಕಾರವಿದೆ ಎಂದು ಮ್ಯಾನೇಜರರಿಗೆ ಭರವಸೆ ಕೊಟ್ಟರು.